ಎರಡನೇ ಪದರ ಹೊಯ್ದ ದಿನ

ಕೆಲಸ ಬಿಟ್ಟು ಮೂರು ವರ್ಷವಾದರೂ ನಮ್ಮ ಮನೆ ಹುಡುಕಿಕೊಂಡು ತಿಂಗಳಿಗೊಬ್ಬರಾದರೂ ಬರುತ್ತಾರೆ. ಚಪ್ಪಲಿ ಬಿಡುವ ಮೊದಲೇ ಮೊಬೈಲು ತೆಗೆದು ನನ್ನ ಮೂಗಿಗೆ ಹಿಡಿಯುತ್ತಾರೆ. ಅದರಲ್ಲೊಂದು ಮೇಜು. ಎರಡೂ ಬದಿಗೆ ಮರದ ಹಲಗೆ, ನಡುವೆ ಗಾಜಿನಂತೆ ಹೊಳೆಯುವ ನೀಲಿ ರೆಸಿನ್. ‘ಮೇಸ್ತ್ರಿ, ಇದನ್ನ ಮಾಡೂದು ಕಲಸ್ರಿ. ಎರಡು ದಿನದ ಕೆಲಸ ಅಂತ’ ಎನ್ನುತ್ತಾರೆ. ಆ ವಿಡಿಯೋ ಮಾಡಿದ ಪುಣ್ಯಾತ್ಮ ಹಲಗೆ ಒಣಗಲಿ ಎಂದು ಕಾದ ಎರಡು ವರ್ಷವನ್ನು ತೋರಿಸಿರುವುದಿಲ್ಲ. ಕೆಟ್ಟುಹೋದ ಮೇಜನ್ನಂತೂ ಯಾರೂ ತೋರಿಸುವುದಿಲ್ಲ. ಆದ್ದರಿಂದ ನಾನು ಅದನ್ನೇ ಬರೆಯುತ್ತೇನೆ.

ನನ್ನ ಹೆಸರು ಮೌನೇಶಪ್ಪ ಬಡಿಗೇರ. ಶಿಗ್ಗಾಂವಿಯಲ್ಲಿ ಮೂವತ್ತು ವರ್ಷದ ಮೇಲೆ ಕಟ್ಟಿಗೆ ಕೆಲಸದ ಅಂಗಡಿ ನಡೆಸಿದೆ. ಕೆಲಸ ಕಲಿತದ್ದು ಹಾನಗಲ್ಲಿನಲ್ಲಿ, ವಿರೂಪಾಕ್ಷಪ್ಪ ಮೇಸ್ತ್ರಿಯ ಕೈಕೆಳಗೆ. ಕಲಿತದ್ದು ಅಂದರೆ ಬೈಸಿಕೊಂಡದ್ದು. ಮೇಸ್ತ್ರಿಯ ಕೈಯಲ್ಲಿ ಯಾವಾಗಲೂ ಅಳತೆಪಟ್ಟಿ ಇರುತ್ತಿತ್ತು. ಅದು ಮರಕ್ಕಿಂತ ನಮ್ಮ ಬೆರಳಿನ ಗಂಟುಗಳನ್ನೇ ಹೆಚ್ಚು ಅಳೆದಿದೆ.

ಆಗ ದಿಮ್ಮಿ ಸೀಳಲು ಯಂತ್ರ ಇರಲಿಲ್ಲ. ದಿಮ್ಮಿಯನ್ನು ಎತ್ತರದ ಅಟ್ಟಣಿಗೆಯ ಮೇಲೆ ಏರಿಸಿ, ಒಬ್ಬ ಮೇಲೆ ನಿಂತು ಒಬ್ಬ ಕೆಳಗೆ ನಿಂತು ಆಳುದ್ದದ ಗರಗಸ ಎಳೆಯಬೇಕು. ಮೇಲಿನವನಿಗೆ ಗೆರೆ ಕಾಣುತ್ತದೆ. ಕೆಳಗಿನವನಿಗೆ ಏನೂ ಕಾಣುವುದಿಲ್ಲ, ಕಣ್ಣು ಮೂಗಿನ ತುಂಬ ಹೊಟ್ಟು. ‘ಮ್ಯಾಲಿನಂವ ಗೆರಿ ನೋಡ್ಬೇಕು, ಕೆಳಗಿನಂವ ಮ್ಯಾಲಿನವನ ಪಾದ ನೋಡ್ಬೇಕು’ ಎಂದು ಮೇಸ್ತ್ರಿ ಹೇಳಿಕೊಟ್ಟಿದ್ದ. ಪಾದ ಯಾವ ಕಡೆ ಒತ್ತುತ್ತದೋ ಗರಗಸ ಆ ಕಡೆ ವಾಲುತ್ತದೆ. ನನ್ನ ಪಾದ ನೋಡುತ್ತ ಕೆಳಗೆ ನಿಲ್ಲುತ್ತಿದ್ದವನು ಸವಣೂರಿನ ಇಮಾಮಸಾಬ. ನನ್ನದೇ ವಯಸ್ಸು. ಊಟದ ತನಕ ಅವನು ಕೆಳಗೆ, ಊಟದ ಮೇಲೆ ನಾನು ಕೆಳಗೆ. ಮೂರು ತಿಂಗಳಲ್ಲಿ ನಮ್ಮ ನಡುವೆ ಮಾತೇ ಬೇಕಾಗುತ್ತಿರಲಿಲ್ಲ. ಅವನಿಗೆ ಬಾಯಾರಿದ್ದು ನನಗೆ ಗರಗಸದ ಹಿಡಿಯಲ್ಲೇ ತಿಳಿಯುತ್ತಿತ್ತು.

ನನ್ನ ಮೊದಲ ದೊಡ್ಡ ಎಡವಟ್ಟು ಹಿರೇಬೆಂಡಿಗೇರಿಯಲ್ಲಿ ಆಯಿತು. ಒಬ್ಬರ ಹೊಸ ಮನೆಗೆ ತಲೆಬಾಗಿಲ ಚೌಕಟ್ಟು ನಿಲ್ಲಿಸಲು ಮೇಸ್ತ್ರಿ ನನ್ನನ್ನು ಮುಂದೆ ಕಳಿಸಿದ್ದ. ನಾನು ಗಡಿಬಿಡಿಯಲ್ಲಿ ಅದನ್ನು ತಲೆಕೆಳಗಾಗಿ ನಿಲ್ಲಿಸಿಬಿಟ್ಟೆ. ಮೇಲೆ ಬರಬೇಕಾದ ಪಟ್ಟಿಯಲ್ಲಿ ಗಣಪತಿಯನ್ನು ಕೆತ್ತಿತ್ತು. ಗಣಪತಿ ಹೊಸ್ತಿಲಿಗೆ ಬಂದು, ಅದೂ ತಲೆ ಕೆಳಗೆ ಮಾಡಿ ಕೂತ. ಆ ಮನೆಯ ಮುದುಕಿ ‘ನಾ ಯಾವ ಕಾಲು ಎತ್ತಿ ದಾಟ್ಲೋ ಭಾಡ್ಯಾ’ ಎಂದು ಓಣಿಯನ್ನೆಲ್ಲ ಕೂಡಿಸಿದಳು. ಅಷ್ಟರಲ್ಲಿ ಮೇಸ್ತ್ರಿ ಬಂದ. ನನ್ನ ಕಡೆ ಕಣ್ಣೆತ್ತಿಯೂ ನೋಡದೆ ಮುದುಕಿಗೆ ಕೈ ಮುಗಿದು, ‘ನಂದ ತಪ್ಪುರೀ ಯವ್ವ. ಗುರ್ತಿನ ಗೆರಿ ನಾ ಬರೋಬರಿ ಹಾಕಿರಲಿಲ್ಲ’ ಎಂದ. ಗುರುತು ಸರಿಯಾಗಿಯೇ ಇತ್ತು. ಹಾನಗಲ್ಲಿಗೆ ಮರಳುವ ದಾರಿಯಲ್ಲಿ ಬೆನ್ನು ಮುರಿಯುವ ಹಾಗೆ ಬಾರಿಸಿದ, ಅದು ಬೇರೆ ಮಾತು. ಬಾರಿಸುತ್ತ ಹೇಳಿದ: ‘ಮಂದಿ ಮುಂದ ಕೆಲಸಾನೂ ನಂದು, ತಪ್ಪೂ ನಂದು. ನಾಳೆ ನೀ ಮೇಸ್ತ್ರಿ ಆದಾಗ ಇದನ್ನ ನೆನಪಿಡು.’ ಪೆಟ್ಟು ನೆನಪಿಟ್ಟೆ.

ಮುಂದೆ ನಾನು ಶಿಗ್ಗಾಂವಿಯಲ್ಲಿ ಅಂಗಡಿ ತೆರೆದಾಗ ಇಮಾಮಸಾಬನೂ ಬಂದು ಸೇರಿಕೊಂಡ. ಬೋರ್ಡಿನ ಮೇಲೆ ನನ್ನ ಹೆಸರೊಂದೇ ಇತ್ತು. ಅವನ ಹೆಸರನ್ನೂ ಬರೆಸೋಣ ಅಂದರೆ, ‘ಬಣ್ಣ ಯಾಕ ಹಾಳು ಮಾಡ್ತಿ’ ಎಂದು ನಕ್ಕುಬಿಟ್ಟ. ದಿನಾ ಸವಣೂರಿನಿಂದ ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ನಾವು ಬಡಿಗೇರರು ಅಮಾವಾಸ್ಯೆಯ ದಿನ ಉಳಿ ಬಾಚಿ ಮುಟ್ಟುವುದಿಲ್ಲ. ಆವತ್ತು ಹತ್ಯಾರುಗಳಿಗೆ ಪೂಜೆ, ವಿಶ್ರಾಂತಿ. ಇಮಾಮಸಾಬ ಶುಕ್ರವಾರ ಬರುವುದಿಲ್ಲ, ನಮಾಜಿನ ದಿನ. ಹಾಗಾಗಿ ಅಮಾವಾಸ್ಯೆಗೆ ಅವನು ಅಂಗಡಿ ತೆರೆಯುತ್ತಿದ್ದ, ಶುಕ್ರವಾರ ನಾನು. ‘ನಿಮ್ಮ ಅಂಗಡಿಗೆ ರಜಾನ ಇಲ್ಲೇನ್ರಿ?’ ಎಂದು ಗಿರಾಕಿಗಳು ಕೇಳುತ್ತಿದ್ದರು. ವರ್ಷದಲ್ಲಿ ಎಲ್ಲೋ ಒಂದೆರಡು ಸಲ ಅಮಾವಾಸ್ಯೆ ಶುಕ್ರವಾರವೇ ಬಂದಾಗ ಮಾತ್ರ ಬಾಗಿಲು ಮುಚ್ಚಿರುತ್ತಿತ್ತು.

ತಮಾಷೆಯ ಕೆಲಸಗಳೂ ಬಂದವು. ದುಂಡಸಿಯಲ್ಲಿ ಒಬ್ಬರ ಪಡಸಾಲೆಯಲ್ಲೇ ಕೂತು ಸಾಗವಾನಿಯ ದೊಡ್ಡ ಕಪಾಟು ಮಾಡಿಕೊಟ್ಟಿದ್ದೆವು. ಆರು ವರ್ಷದ ಮೇಲೆ ಅದೇ ಮನೆಯಿಂದ ಕರೆ ಬಂತು. ಅಣ್ಣ ತಮ್ಮ ಪಾಲಾಗಿದ್ದರು, ಕಪಾಟನ್ನು ನಡುವೆ ಕೊಯ್ದು ಕೊಡಬೇಕಂತೆ. ನಾನು ಆಗುವುದಿಲ್ಲ ಎಂದೆ. ಇಮಾಮಸಾಬ ಇಬ್ಬರಿಗೂ ನಯವಾಗಿ, ‘ಕೊಯ್ದು ಕೊಡ್ತೇವ್ರಿ. ಆದ್ರ ಗರಗಸದ ಒಂದು ತುದಿ ನೀವು ಹಿಡೀರಿ, ಇನ್ನೊಂದು ತುದಿ ನಿಮ್ಮ ತಮ್ಮ ಹಿಡೀಲಿ. ನಾವು ಗೆರಿ ತೋರಸ್ತೇವಿ’ ಎಂದ. ಅವರು ಗರಗಸ ಹಿಡಿದು ನಾಲ್ಕು ಎಳೆತ ಎಳೆದರು. ಇವನು ಎಳೆದಾಗ ಅವನು ಬಿಡಲಿಲ್ಲ, ಅವನು ಎಳೆದಾಗ ಇವನು ಬಿಡಲಿಲ್ಲ. ಕೊನೆಗೆ ಇಬ್ಬರೂ ಬೆವರು ಒರೆಸಿಕೊಳ್ಳುತ್ತ ನಗಹತ್ತಿದರು. ಕಪಾಟು ದೊಡ್ಡವನ ಪಾಲಿಗೆ ಉಳಿಯಿತು, ತಮ್ಮನಿಗೆ ಹೊಸದು ಮಾಡಿಕೊಟ್ಟೆವು. ಹಳೆಯದರ ನೆತ್ತಿಯ ಮೇಲೆ ಆ ನಾಲ್ಕು ಎಳೆತದ ಗಾಯ ಈಗಲೂ ಇದೆ.

ಆಮೇಲೆ ಯಂತ್ರಗಳು ಬಂದವು. ದಿಮ್ಮಿ ಸೀಳಲು ಮಿಲ್ಲು, ಮರದ ಮೈ ನಯ ಮಾಡುವ ಹತ್ತರಿ ಹೊಡೆಯಲು ಮೋಟರು. ಪ್ಲೈವುಡ್ ಬಂತು, ಅದರ ಮೇಲೆ ಅಂಟಿಸುವ ಮೈಕಾ ಬಂತು. ಎಲ್ಲಕ್ಕೂ ಕಡೆಯಲ್ಲಿ ರೆಸಿನ್ ಬಂತು. ರೆಸಿನ್ ಅಂದರೆ ಎರಡು ಡಬ್ಬಿ. ಒಂದರಲ್ಲಿ ಜೇನಿನಂಥ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ತೆಳು ದ್ರವ. ಹೇಳಿದ ಅಳತೆಗೆ ಕಲಸಿ ಎರಡು ಹಲಗೆಗಳ ನಡುವಿನ ಸಂದಿಗೆ ಹೊಯ್ದರೆ ಒಂದು ದಿನದಲ್ಲಿ ಕಲ್ಲಾಗುತ್ತದೆ. ನಾವು ಹುಬ್ಬಳ್ಳಿಯಿಂದ ತರಿಸಿ ಮೊದಲ ಸಲ ಪ್ರಯೋಗ ಮಾಡಿದ್ದು ಬೇಸಿಗೆಯ ಮಟಮಟ ಮಧ್ಯಾಹ್ನ. ನಾಲ್ಕು ಬೆರಳು ದಪ್ಪ ಒಮ್ಮೆಲೇ ಸುರಿದೆ. ರೆಸಿನ್ ತಾನೇ ಕಾಯುತ್ತದೆ, ದಪ್ಪ ಹೊಯ್ದಷ್ಟೂ ಹೆಚ್ಚು ಕಾಯುತ್ತದೆ ಎಂಬುದು ಗೊತ್ತಿರಲಿಲ್ಲ. ಅರ್ಧ ತಾಸಿನಲ್ಲಿ ಹೊಗೆ ಎದ್ದಿತು, ಹಳದಿ ತಿರುಗಿತು, ಟಪ್ಪೆಂದು ಸೀಳಿತು. ಇಮಾಮಸಾಬ ಮೂಗು ಮುಚ್ಚಿಕೊಂಡು ‘ತಳಾ ಹತ್ತೇತಿ, ಇಳಸ್ಲೇನು?’ ಎಂದ. ಆವತ್ತು ನಾನು ಕಲಿತದ್ದನ್ನು ನೀವೂ ತಿಳಿದುಕೊಳ್ಳಿ: ತೆಳುವಾಗಿ ಹೊಯ್ಯಬೇಕು, ಪದರ ಪದರವಾಗಿ. ಮೊದಲ ಪದರ ಪೂರ್ತಿ ಒಣಗುವ ಮೊದಲು, ಬೆರಳಿಗೆ ಇನ್ನೂ ಅಂಟಂಟಾಗಿರುವಾಗ ಎರಡನೆಯದು ಬೀಳಬೇಕು. ಹೊತ್ತು ಮೀರಿ ಗಾಜಿನಂತಾಗಿದ್ದರೆ ಸ್ಯಾಂಡ್‌ಪೇಪರಿನಿಂದ ಉಜ್ಜಿ ಒರಟು ಮಾಡದೆ ಹೊಯ್ಯಬಾರದು. ಉಜ್ಜದೆ ಹೊಯ್ದರೆ ಹಿಡಿಯುವುದಿಲ್ಲ. ಹಿಡಿದ ಹಾಗೆ ಕಾಣುತ್ತದೆ, ಅಷ್ಟೆ.

ಹಿರೇಕೆರೂರಿನ ಒಬ್ಬ ಡಾಕ್ಟರು ಹೊಸ ಮನೆ ಕಟ್ಟಿಸಿದ್ದರು. ಎಂಟು ಜನ ಕೂರುವ ಊಟದ ಮೇಜು ಬೇಕೆಂದರು. ಹಾನಗಲ್ಲ ಕಡೆಯ ಹಳೆಯ ಮಾವಿನ ಮರವೊಂದರ ಹಲಗೆಗಳು ನಮ್ಮಲ್ಲಿ ಎರಡು ವರ್ಷದಿಂದ ಒಣಗಿ ಕೂತಿದ್ದವು. ಕಪ್ಪು ಗೆರೆಗಳು ಓಡಾಡಿದ ಚೆಂದದ ಹಲಗೆ. ಸೋಮವಾರ ಗೃಹಪ್ರವೇಶ. ಹಿಂದಿನ ಗುರುವಾರ ಮಧ್ಯಾಹ್ನ ಮೊದಲ ಪದರಕ್ಕೆ ಎಲ್ಲ ಸಿದ್ಧವಾಗಿತ್ತು. ಇಮಾಮಸಾಬ ಗೋಡೆಯ ಕ್ಯಾಲೆಂಡರ್ ನೋಡಿ ನಿಂತುಬಿಟ್ಟ.

‘ಮೌನೇಶಿ, ನಾಳೆ ಅಮಾಸಿ. ಶುಕ್ರವಾರಾನೂ ಹೌದು. ನೀನೂ ಇರೂದಿಲ್ಲ, ನಾನೂ ಇರೂದಿಲ್ಲ. ಎರಡನೇ ಪದರ ಯಾರು ಹೊಯ್ಯಾವ್ರು? ಶನಿವಾರ ಸುರು ಮಾಡೂಣು. ಎರಡು ದಿನ ತಡ ಆದ್ರ ಆಗ್ಲಿ.’

‘ಸೋಮಾರ ಮಂದಿ ಉಣ್ಣಾಕ ಕುಂದರ್ತಾರ. ತಡ ಆಗಾಕ ಬರೂದಿಲ್ಲ’ ಎಂದು ನಾನು ಹೊಯ್ದೇಬಿಟ್ಟೆ.

ಮರುದಿನ ಹತ್ಯಾರುಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಸಂದಿಯಲ್ಲಿ ರೆಸಿನ್ ಗಟ್ಟಿಯಾಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಮುಟ್ಟಲಿಲ್ಲ. ಒಂದು ಡಬ್ಬಿ ಕಲಸಲು ಉಳಿ ಬೇಕಾಗಿರಲಿಲ್ಲ, ಬಾಚಿ ಬೇಕಾಗಿರಲಿಲ್ಲ. ಆದರೂ ಕೈ ಮುಂದೆ ಹೋಗಲಿಲ್ಲ. ಅಪ್ಪ ಮುಟ್ಟಿರಲಿಲ್ಲ, ಅಜ್ಜ ಮುಟ್ಟಿರಲಿಲ್ಲ. ಶನಿವಾರ ಬೆಳಗ್ಗೆ ನೋಡಿದರೆ ಕನ್ನಡಿಯಾಗಿತ್ತು. ಎರಡು ತಾಸು ಉಜ್ಜಬೇಕಾದ ಕೆಲಸ. ಉಜ್ಜಿದರೆ ಧೂಳು, ಧೂಳು ಒರೆಸಬೇಕು, ಮತ್ತೆ ಒಣಗಬೇಕು. ನಾನು ಉಜ್ಜದೆ ಎರಡನೇ ಪದರ ಹೊಯ್ದೆ. ಆವತ್ತು ಇಮಾಮಸಾಬನ ಬಸ್ಸು ತಡವಾಗಿತ್ತು. ಒಳಗೆ ಬಂದವನೇ ‘ಉಜ್ಜಿದೀ?’ ಎಂದ.

‘ಉಜ್ಜೇನಿ’ ಎಂದೆ.

ಅವನು ನಂಬಿದ. ನನ್ನ ಪಾದ ನೋಡಿ ಕೆಲಸ ಕಲಿತವನು, ನಂಬದೆ ಏನು ಮಾಡಿಯಾನು.

ಗೃಹಪ್ರವೇಶದಲ್ಲಿ ಎಲ್ಲರೂ ಮೇಜನ್ನು ಹೊಗಳಿದರು. ನಾಲ್ಕು ತಿಂಗಳ ಮೇಲೆ ಡಾಕ್ಟರು ಫೋನ್ ಮಾಡಿ ಕರೆದರು. ಇಬ್ಬರೂ ಹೋದೆವು. ಮೇಜಿನ ಮೂಲೆಯಲ್ಲಿ ಮೇಲಿನ ಪದರ ಎದ್ದಿತ್ತು. ಡಾಕ್ಟರು ಉಗುರು ಹಾಕಿ ಎತ್ತಿದರೆ ಹಪ್ಪಳದ ಹಾಗೆ ಬಿಟ್ಟುಕೊಂಡು ಬಂತು. ಕೆಳಗಿನ ಪದರ ನುಣ್ಣಗೆ ಹೊಳೆಯುತ್ತಿತ್ತು. ಉಜ್ಜಿದ ಒಂದು ಗೀರೂ ಇರಲಿಲ್ಲ. ಇಮಾಮಸಾಬ ಬಗ್ಗಿ ಅದರ ಮೇಲೆ ಬೆರಳಾಡಿಸಿದ. ಆಮೇಲೆ ನನ್ನ ಕಡೆ ನೋಡಿದ.

ಡಾಕ್ಟರರ ಜೊತೆ ಇನ್ನೂ ಇಬ್ಬರು ಕೂತಿದ್ದರು. ತಮ್ಮ ಮನೆಗೂ ಇಂಥದೇ ಮೇಜು ಮಾಡಿಸಬೇಕೆಂದು ಬಂದವರು. ‘ಮೌನೇಶಪ್ಪ, ಇದನ್ನ ಹೊಯ್ದಂವ ಯಾರು? ನೀವ ಹೊಯ್ದಿದ್ರ ಹಿಂಗ ಆಗ್ತಿರಲಿಲ್ಲ ಬಿಡ್ರಿ’ ಎಂದರು ಡಾಕ್ಟರು. ಅವರೇ ಬಾಗಿಲು ತೆರೆದುಕೊಟ್ಟರು, ನಾನು ಹೊಕ್ಕುಬಿಟ್ಟೆ.

‘ಎರಡನೇ ಪದರ ಇಮಾಮಸಾಬ ಹೊಯ್ದಾನ್ರಿ’ ಎಂದೆ.

ಮೇಲೆದ್ದಿದ್ದ ಆ ಪದರವನ್ನು ಇಮಾಮಸಾಬ ಮೆಲ್ಲಗೆ ಕೆಳಗೆ ಒತ್ತಿ ಕೂರಿಸಿದ. ‘ಹೌದ್ರಿ ಸಾಹೇಬ್ರ. ನಾನ ಹೊಯ್ದೆ. ಉಜ್ಜೂದು ಮರತೆ’ ಎಂದ.

ಮರಳುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಕೂತ. ನಾನು ಏನಾದರೂ ಹೇಳಬೇಕಿತ್ತು. ಹಾನಗಲ್ಲು ದಾಟಿತು, ಹೇಳಲಿಲ್ಲ. ಶಿಗ್ಗಾಂವಿ ಬಂತು, ಹೇಳಲಿಲ್ಲ. ಮರುದಿನ ಅವನು ಬಂದು ತನ್ನ ಉಳಿಗಳ ಪೆಟ್ಟಿಗೆ ಎತ್ತಿಕೊಂಡ. ‘ದಿನಾ ಬಸ್ಸಿನಾಗ ಬಂದು ಹೋಗೂದು ಇನ್ನ ಆಗಂಗಿಲ್ಲೋ ಮೌನೇಶಿ’ ಎಂದಷ್ಟೇ ಹೇಳಿ ಹೋದ. ನನ್ನ ಹೆಂಡತಿ ಗಂಗವ್ವ ಯಾಕೆ ಅಂತ ಕೇಳಿದಳು. ಡಾಕ್ಟರ ಮೇಜು ಕೆಡಿಸಿದ, ನಾನು ಏನೂ ಅನ್ನಲಿಲ್ಲ, ಆದರೂ ಹೋದ ಎಂದು ಅವಳಿಗೂ ಹೇಳಿದೆ. ಒಮ್ಮೆ ಆಡಿದ ಸುಳ್ಳು ಎರಡನೇ ಸಲ ಸಲೀಸಾಗಿ ಬರುತ್ತದೆ.

ಅಂಗಡಿಯನ್ನು ಇನ್ನೊಂದು ವರ್ಷ ನಡೆಸಿದೆ. ಕೆಲಸಕ್ಕೆ ಬಂದವರೆಲ್ಲ ಒಳ್ಳೆಯವರೇ. ಆದರೆ ನಾನು ಹಲಗೆಯ ಒಂದು ತುದಿ ಎತ್ತಿದಾಗ ಇನ್ನೊಂದು ತುದಿ ತಾನಾಗಿ ಏಳುತ್ತಿರಲಿಲ್ಲ. ‘ಎತ್ತು’ ಎಂದು ಹೇಳಬೇಕಾಗುತ್ತಿತ್ತು. ಇಡೀ ದಿನ ಹೇಳಿ ಹೇಳಿ ಸಾಕಾಯಿತು. ಬಾಗಿಲು ಹಾಕಿದೆ.

ಹೋದ ವರ್ಷ ಮನೆಯ ಹಿತ್ತಿಲ ಶೆಡ್ಡಿನಲ್ಲಿ ನಮಗಾಗಿಯೇ ಒಂದು ರೆಸಿನ್ ಮೇಜು ಮಾಡಲು ಕೈ ಹಾಕಿದೆ. ಡಾಕ್ಟರ ಮೇಜಿನ ಅದೇ ಮಾವಿನ ಎರಡು ಹಲಗೆ ಉಳಿದಿದ್ದವು. ರೆಸಿನ್ ಕೆಲಸದಷ್ಟು ಒಂಟಿ ಕೆಲಸ ಇನ್ನೊಂದಿಲ್ಲ. ಧೂಳು ಬೀಳುತ್ತದೆಂದು ಬಾಗಿಲು ಮುಚ್ಚಬೇಕು, ಬಾಯಿಗೆ ಮಾಸ್ಕು, ಕೈಗೆ ಗವಸು. ಗುಳ್ಳೆ ಏಳುತ್ತವೆಂದು ಕಲಸುವಾಗಲೂ ಮೆಲ್ಲಗೆ, ಸದ್ದಿಲ್ಲದೆ ಕಲಸಬೇಕು. ಹೊಯ್ದ ಮೇಲೆ ಗ್ಯಾಸಿನ ಸಣ್ಣ ಜ್ವಾಲೆ ಆಡಿಸಿ ಗುಳ್ಳೆ ಒಡೆಯುತ್ತ ಕೂರಬೇಕು. ಗರಗಸದ ಕಾಲದಲ್ಲಿ ಒಬ್ಬನೇ ಏನೂ ಮಾಡಲಾಗುತ್ತಿರಲಿಲ್ಲ, ಆದ್ದರಿಂದ ಒಬ್ಬನೇ ಇರುವ ಪ್ರಸಂಗವೇ ಬರುತ್ತಿರಲಿಲ್ಲ. ಗುಳ್ಳೆಗಳನ್ನು ನೋಡುತ್ತ ಕೂತಾಗ ಎಷ್ಟೋ ಸಲ ಎದುರಿಗೆ ಯಾರೋ ಇದ್ದ ಹಾಗೆ ತಲೆ ಎತ್ತಿದ್ದೇನೆ. ಅವನಿಲ್ಲದೆ ನನಗೆ ಕೆಲಸವೇ ರುಚಿಸುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಅಷ್ಟು ದಿನ ಬೇಕಾಯಿತು. ಎರಡನೇ ಪದರಕ್ಕೆ ಮೊದಲು ಮೂರು ತಾಸು ಉಜ್ಜಿದೆ. ಬೇಕಾದದ್ದಕ್ಕಿಂತ ಹೆಚ್ಚು.

ಮೇಜು ಒಳ್ಳೆಯದಾಯಿತು. ನಾಲ್ಕು ಜನ ಓಣಿಯವರನ್ನು ಕರೆದು ಅಡಿಗೆಮನೆಯ ಮುಂದೆ ಇಡಿಸಿದೆ. ಗಂಗವ್ವ ಎರಡು ತಾಟು ತಂದಿಟ್ಟು, ಮೇಜಿನ ಮೇಲೆ ಕೈಯಾಡಿಸಿ, ‘ನೋಡ್ರಿ, ಎಲ್ಲೂ ಎದ್ದಿಲ್ಲ. ಆವತ್ತು ಆ ಇಮಾಮಸಾಬ್ರು ಕೈ ಹಾಕದ ಇದ್ರ ಡಾಕ್ಟರ ಮೇಜೂ ಹಿಂಗ ಇರ್ತಿತ್ತು’ ಎಂದಳು.

ಮುರಿದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟೆ. ‘ಅಂವ ಕೈ ಹಾಕಿರಲಿಲ್ಲ. ಹೊಯ್ದಂವ ನಾನು. ಉಜ್ಜಿರಲಿಲ್ಲ’ ಎಂದೆ. ಎಲ್ಲವನ್ನೂ ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಇಮಾಮಸಾಬನ ಹೆಂಡತಿ ಜೈನಾಬಿ ವಾರವಾರ ಶಿಗ್ಗಾಂವಿ ಸಂತೆಗೆ ಸವಣೂರಿನ ವೀಳ್ಯದೆಲೆ ಮಾರಲು ತರುತ್ತಾಳೆ. ಗಂಗವ್ವ ಮೊದಲು ಅವಳ ಹತ್ತಿರವೇ ಎಲೆ ಕೊಳ್ಳುತ್ತಿದ್ದಳು.

‘ಮೂರು ವರ್ಷ ಆತ್ರಿ’ ಎಂದಳು ಗಂಗವ್ವ. ‘ಸಂತ್ಯಾಗ ನನ್ನ ನೋಡಿ ಆಕಿ ಅಕ್ಕಾ ಅಂತಾಳ. ನಾ ಮಾರಿ ತಿರುವಿಕೊಂಡು ಮುಂದ ಹೋಗ್ತೇನಿ. ಮೊನ್ನೆ ಸಂತಿಗೂ ಹಂಗ ಹೋಗೇನಿ. ನನ್ನ ಗಂಡನ ಅಂಗಡಿ ಮುಚ್ಚಿಸಿದ ಮಂದಿ ಅಂತ.’ ತಾಟು ಮುಂದೆ ಸರಿಸಿದಳು, ಉಣ್ಣಲಿಲ್ಲ.

ಮರುದಿನ ಬೆಳಗ್ಗೆ ಒಳ್ಳೆಯ ಸೀರೆ ಉಟ್ಟುಕೊಂಡು ಸವಣೂರಿಗೆ ಹೊರಟಳು. ನಾನೂ ಬರುತ್ತೇನೆ ಎಂದೆ. ‘ನಿಮ್ಮದು ನೀವು ನೋಡ್ಕೋರಿ. ನಾ ನನ್ನ ತಪ್ಪಿಗೆ ಹೊಂಟೇನಿ’ ಎಂದಳು. ಇಡೀ ದಿನ ಆ ಹೊಸ ಮೇಜಿನ ಮುಂದೆ ಒಬ್ಬನೇ ಕೂತಿದ್ದೆ.

ಸಂಜೆ ಬಂದು ಹೇಳಿದಳು. ಇಮಾಮಸಾಬನ ಇಬ್ಬರು ಮಕ್ಕಳು ಸವಣೂರಿನಲ್ಲಿ ಇದೇ ರೆಸಿನ್ ಕೆಲಸ ಮಾಡುತ್ತಾರೆ. ಅಪ್ಪ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿರುತ್ತಾನೆ. ಇವಳ ಎದುರಿಗೇ ಅವನು ಎದ್ದು ಡಬ್ಬಿ ಮುಟ್ಟಲು ಹೋದನಂತೆ. ದೊಡ್ಡ ಮಗ ‘ಅಬ್ಬಾ, ನೀವು ಕುಂದರ್ರಿ. ಹಿರೇಕೆರೂರಿನಂಗ ಆಗೂದು ಬ್ಯಾಡ’ ಎಂದನಂತೆ. ಇಮಾಮಸಾಬ ಮತ್ತೆ ಕೂತನಂತೆ. ಗಂಗವ್ವ ನಿಜ ಹೇಳಲು ಬಾಯಿ ತೆರೆದರೆ, ‘ತಂಗೀ, ಅದು ನನ್ನ ಕೈಯಿಂದ ಆದದ್ದು. ಮೌನೇಶಿ ಸುಮ್ಮ ತನ್ನ ಮೈಮ್ಯಾಲೆ ಹಾಕ್ಕೋತಾನ’ ಎಂದು ಅವಳ ಮಾತನ್ನೇ ತಡೆದನಂತೆ.

ಅವನು ಬಸ್ಸಿನ ತನಕ ಬಿಡಲು ಬಂದಾಗ ಇವಳು ಕೇಳಿದಳಂತೆ: ‘ಯಾಕ ಹಿಂಗ ಮಾಡಿದ್ರಿ ಅಣ್ಣಾ?’

‘ಮನ್ಯಾಗ ಎಲ್ಲಾರೂ ಕೇಳಿದ್ರು, ಯಾಕ ಬಿಟ್ಟು ಬಂದಿ ಅಂತ’ ಎಂದನಂತೆ ಇಮಾಮಸಾಬ. ‘ಮೌನೇಶಿ ಸುಳ್ಳ ಹೇಳಿದ ಅನ್ನಾಕ ನಾಲಿಗಿ ಹೊಳ್ಳಲಿಲ್ಲ ತಂಗೀ. ನನ್ನ ಕೈ ತಪ್ಪಿತು ಅನ್ನೂದು ಅದಕ್ಕಿಂತ ಹಗುರಾತು.’

ಅದಾದ ಮೇಲೆ ಎರಡು ಸಲ ಬಸ್‌ಸ್ಟ್ಯಾಂಡಿನ ತನಕ ಹೋಗಿ ಮರಳಿದ್ದೇನೆ. ಹೋಗಿ ಏನು ಹೇಳಿದರೂ ಅವನು ಮಕ್ಕಳ ಮುಂದೆ ನನ್ನ ಬಾಯಿ ಮುಚ್ಚಿಸುತ್ತಾನೆ. ಬರೆದದ್ದರ ಬಾಯಿ ಮುಚ್ಚಿಸಲು ಅವನಿಗೆ ಬರುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆಂದು ಬರೆಯಲು ಕೂತೆ, ಅದು ನಿಜ. ಆದರೆ ಇದನ್ನು ಮೊದಲು ಓದಬೇಕಾದವರು ಸವಣೂರಿನ ಆ ಇಬ್ಬರು. ಮಕ್ಕಳೇ, ನಿಮ್ಮ ಅಪ್ಪ ಆ ಪದರ ಹೊಯ್ಯಲಿಲ್ಲ. ಹೊಯ್ಯಬೇಡ ಎಂದವನು ಅವನು, ಹೊಯ್ದವನು ನಾನು. ಅವನನ್ನು ಕುರ್ಚಿಯಿಂದ ಎಬ್ಬಿಸಿ, ಡಬ್ಬಿ ಅವನ ಕೈಗೆ ಕೊಡಿ.